ನಾನು ಮುಟ್ಟದ ಓವನ್

ಓವನ್ನಿನ ಬಾಗಿಲಿಗೆ ಇಟ್ಟಿಗೆ ಒರಗಿಸಿ ಬಿಸ್ಕೆಟ್ ಬೇಯಿಸುವವರನ್ನು ನೀವು ನೋಡಿದ್ದೀರಾ? ಕಳೆದ ವಾರ ನಾನು ನೋಡಿದೆ. ಆ ಇಟ್ಟಿಗೆಗೆ ಕಾರಣ ನಾನೇ.

ರಿಯಾದಿನ ಸಣ್ಣ ಸಾಲದ ಕಚೇರಿಯೊಂದರಲ್ಲಿ ನನ್ನ ಕೆಲಸ. (ಹೈಸ್ಕೂಲ್ ಓದಿದ ಭಟ್ಕಳದವನಿಗೆ ಇದೇ ದೊಡ್ಡ ಹುದ್ದೆ.) ನಮ್ಮಲ್ಲಿ ಬಡ್ಡಿ ಇಲ್ಲ, ಇಸ್ಲಾಮಿನಲ್ಲಿ ಅದು ನಿಷಿದ್ಧ. ಕೈಗೆ ದುಡ್ಡು ಕೊಡುವುದೂ ಇಲ್ಲ. ನಿಮಗೆ ಹೊಲಿಗೆ ಯಂತ್ರ ಬೇಕೇ? ಮೊದಲು ನಾವು ಕೊಳ್ಳುತ್ತೇವೆ. ಆಮೇಲೆ ಲಾಭ ಇಷ್ಟು ಎಂದು ಮುಖಕ್ಕೆ ಹೇಳಿ ನಿಮಗೆ ಕಂತಿನಲ್ಲಿ ಮಾರುತ್ತೇವೆ. ನಡುವೆ ಒಂದು ಗಂಟೆಯಾದರೂ ಅದು ನಮ್ಮ ಸೊತ್ತಾಗಿರಬೇಕು. ಒಡೆದರೆ ನಷ್ಟ ನಮ್ಮದು. ಆ ಹೊಣೆ ಹೊತ್ತದ್ದಕ್ಕೇ ಲಾಭ ಹಲಾಲ್.

ಅಂಗಡಿಗೆ ಹೋಗಿ, ವಸ್ತುವನ್ನು ಮುಟ್ಟಿ ನೋಡಿ, ವಶಕ್ಕೆ ಪಡೆದು ಸಹಿ ಹಾಕುವವನು ನಾನು.

ಆರು ವರ್ಷದ ಹಿಂದೆ ಪಕ್ಕದೂರು ಅಲ್ ಖರ್ಜಿನ ವಿಧವೆ ಉಮ್ ಸಾಲಿಹ್ ಓವನ್ ಕೇಳಿದ್ದರು. ಆ ದಿನ ಸುಡುಬಿಸಿಲು. ನಾನು ಚಹಾದಂಗಡಿಯ ಎಸಿಯಲ್ಲಿ ಕೂತು 'ನೋಡಿ ಪಡೆದಿದ್ದೇನೆ' ಎಂದು ಸಹಿ ಹಾಕಿದೆ. ಓವನ್ ಮಾರಿದ ಅಂಗಡಿಯವನು ಅದನ್ನು ನೇರ ಅವರ ಮನೆಗೆ ಸಾಗಿಸಿದ.

ಕಳೆದ ವಾರ ಅವರ ಫೋನ್ ಬಂತು. ಕಂತು ಮುಗಿದು ಎಷ್ಟೋ ಕಾಲವಾಯಿತು, ಖರ್ಜೂರದ ಬಿಸ್ಕೆಟ್ ತಿನ್ನಲು ಒಮ್ಮೆಯೂ ಬರಲಿಲ್ಲ ಎಂದು ಗದರಿದರು. ನಮ್ಮ ಡ್ರೈವರ್, ಕುಂದಾಪುರದ ಶೇಖರನ ಜೊತೆ ಹೋದೆ. ಅಲ್ಲಿ ಕಂಡದ್ದು ಆ ಇಟ್ಟಿಗೆ. ಬಾಗಿಲು ಮೊದಲ ದಿನದಿಂದಲೂ ಸರಿಯಾಗಿ ಕೂರುತ್ತಿರಲಿಲ್ಲವಂತೆ.

ಅವತ್ತೇ ಹೇಳಬಹುದಿತ್ತಲ್ಲ ಎಂದೆ.

"ನೀವು ನೋಡಿ ತಂದದ್ದಲ್ಲವೇ ಹಾಜಿ? ಮುಚ್ಚಲು ನನಗೇ ಬರುವುದಿಲ್ಲ ಅಂದುಕೊಂಡೆ," ಎಂದರು ತಮ್ಮ ಅರಬಿಯಲ್ಲಿ, ನಗುತ್ತಾ.

ಕೈಯಲ್ಲಿದ್ದ ಬಿಸ್ಕೆಟ್ ತಟ್ಟೆಗಿಟ್ಟೆ. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಇನ್ನೆರಡು ಬಿಸ್ಕೆಟ್ ನನ್ನ ತಟ್ಟೆಗೆ ಹಾಕಿದರು. (ಎರಡೂ ಸೀದುಹೋಗಿದ್ದವು. ಆರಿಸಿಯೇ ಹಾಕಿರಬೇಕು.)

ವಾಪಸು ಬರುವಾಗ ಶೇಖರ ಬುದ್ಧಿ ಹೇಳಿದ: "ಎಂತ ಮಾರಾಯ್ರೆ, ಬಪ್ಪು ತಿಂಗಳು ರಿಟೈರ್ ಆಪ್ಪರು ನೀವು. ಆಫೀಸಿಗೆ ಗೊತ್ತಾರೆ ನಿಮ್ಮ ಸರ್ವಿಸ್ ದುಡ್ಡಿಗೇ ಕತ್ತರಿ. ಒಂದು ಹೊಸ ಓವನ್ ತೆಗ್ದು ಕೊಟ್ಟು ಸುಮ್ನೆ ಇರಿ."

ಓವನ್ ಕೊಡಿಸಿದೆ. (ಬಾಗಿಲನ್ನು ಎಷ್ಟು ಸಲ ತೆರೆದು ಮುಚ್ಚಿದೆನೆಂದರೆ ಅಂಗಡಿಯವನಿಗೇ ಸಿಟ್ಟು ಬಂತು.) ಸುಮ್ಮನಿರಲು ಮಾತ್ರ ಆಗಲಿಲ್ಲ. 'ಅವತ್ತು ಕಚೇರಿ ಪಡೆದ ಲಾಭವನ್ನು ಆಕೆಗೆ ಹಿಂದಿರುಗಿಸಿ, ತಪ್ಪು ನನ್ನದು' ಎಂದು ನಿನ್ನೆ ಮ್ಯಾನೇಜರಿಗೆ ಬರೆದುಕೊಟ್ಟೆ. ನನ್ನ ನಿವೃತ್ತಿಯ ದುಡ್ಡಿನ ಗತಿ ಇನ್ನೂ ಗೊತ್ತಿಲ್ಲ.

ಆದರೆ ನೀವೇ ಹೇಳಿ, ಮುಟ್ಟದೆ ಮಾರಿದ ಓವನ್ನಿನ ಲಾಭಕ್ಕೆ ಬಡ್ಡಿ ಎನ್ನದೆ ಇನ್ನೇನು ಹೆಸರಿಡಲಿ?