ಕೊಂಡ ಲಿಂಕು ಕರೆತಂದ ಅತಿಥಿ

ಹಂಪಿಗೆ ಹೋಗುವ ರಸ್ತೆಯ ಪಕ್ಕ, ಬಾಳೆ ತೋಟಗಳ ನಡುವೆ ನಮ್ಮದೊಂದು ಸಣ್ಣ ಗೆಸ್ಟ್ ಹೌಸ್ ಇದೆ. ನಾನು ಕಂಪ್ಲಿಯ ಹೆಣ್ಣು. ಮದುವೆಯಾಗಿ ಇಲ್ಲಿಗೆ ಬಂದಾಗ ಇದು ಬರೀ ಮನೆಯಾಗಿತ್ತು. ಕಾಲುವೆ ತುಂಬಿ ಹರಿದಾಗ ನೀರು ಒಳಗೆ ಬರಬಾರದೆಂದು ಮಾವ ಪಾಯ ಎತ್ತರಿಸಿ ಕಟ್ಟಿಸಿದ್ದರು. ಹಾಗಾಗಿ ಮುಂದಿನ ಬಾಗಿಲಿಗೆ ಬರಬೇಕೆಂದರೆ ಕಡಿದಾದ ಮೆಟ್ಟಿಲು ಹತ್ತಲೇಬೇಕು. ನನ್ನ ಗಂಡ ಆಟೊ ಓಡಿಸುತ್ತಿದ್ದರು. ಅವರ ಆಟೊದಲ್ಲಿ ಕೂತ ಪ್ರವಾಸಿಗರು ಇಳಿದುಕೊಳ್ಳಲು ಜಾಗ ಕೇಳುತ್ತಿದ್ದುದರಿಂದ ಮೊದಲು ಮುಂದಿನ ಎರಡು ಕೋಣೆ ಕೊಟ್ಟೆವು, ಆಮೇಲೆ ಮೇಲೆ ಮೂರು ಕಟ್ಟಿಸಿದೆವು. ಅಡುಗೆ ನನ್ನದು, ಲೆಕ್ಕಪತ್ರ ನನ್ನದು, ಫೋನಿನಲ್ಲಿ ಮಾತಾಡುವುದೂ ನನ್ನದೇ.

ಕೊರೊನಾ ಕಾಲ ಮುಗಿದ ಮೇಲೆ ಜನ ಹಂಪಿಗೆ ಮತ್ತೆ ಬರತೊಡಗಿದರು, ಆದರೆ ನಮ್ಮಲ್ಲಿಗೆ ಬರಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ಹುಡುಕಿ, ಬುಕ್ ಮಾಡಿಯೇ ಬರುತ್ತಿದ್ದರು. ಆಗ ನಮಗೆ ವೆಬ್‌ಸೈಟ್ ಮಾಡಿಕೊಟ್ಟವರು ನನ್ನ ಗಂಡನ ಶಾಲೆಯ ಗೆಳೆಯ. ಅವರು ಮುಂಚೆ ಸಂಡೂರಿನ ಒಂದು ಗಣಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರು. ಗಣಿ ನಿಂತಾಗ ಕೆಲಸ ಹೋಯಿತು. ಹೊಸಪೇಟೆಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಚಿಕ್ಕ ಕೋಣೆಯಲ್ಲಿ ಕೂತು ತಾವೇ ಕಲಿತು ಅಂಗಡಿ, ಹೋಟೆಲಿನವರಿಗೆ ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದ್ದರು. ನಮ್ಮ ಸೈಟು ನೋಡಲು ಚೆನ್ನಾಗಿಯೇ ಇತ್ತು. ಆದರೆ ಹಂಪಿಯ ರೂಮು ಎಂದು ಹುಡುಕಿದರೆ ಎಷ್ಟು ಪುಟ ತಿರುವಿದರೂ ಅದು ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅವರು ನನಗೆ ಅದರ ಕಾರಣ ತಿಳಿಸಿ ಹೇಳಿದರು.

"ಅಕ್ಕ, ನಾವು ಭಾಳ ಚಲೋ ಅದೀವಿ ಅಂತ ನಾವೇ ಹೇಳ್ಕೊಂಡ್ರ ಯಾರೂ ನಂಬಂಗಿಲ್ಲ. ಬ್ಯಾರೇದವ್ರು ಹೇಳಬೇಕು. ಬ್ಯಾರೆ ಸೈಟಿನಾಗ ನಮ್ಮ ಸೈಟಿನ ಲಿಂಕ್ ಇದ್ರ, ಇವ್ರನ್ನ ನಾಕು ಮಂದಿ ಬಲ್ಲರು ಅಂತ ಸರ್ಚ್‌ನಾಗ ಮ್ಯಾಲ ತೋರಿಸ್ತಾರ."

ನಮ್ಮನ್ನು ಯಾರು ಹಾಗೆ ಹೇಳುತ್ತಾರೆ ಎಂದು ಕೇಳಿದೆ. ಹೇಳುವವರನ್ನು ಕೊಂಡುಕೊಳ್ಳಬಹುದು ಎಂದರು. ದುಡ್ಡು ಕೊಟ್ಟರೆ ತಮ್ಮ ಸೈಟಿನಲ್ಲಿ ನಮ್ಮ ಬಗ್ಗೆ ಒಂದು ಲೇಖನ ಹಾಕಿ, ಅದರೊಳಗೆ ಲಿಂಕ್ ಕೊಡುವವರಿದ್ದಾರೆ. ಅಂಥ ಲಿಂಕುಗಳನ್ನು ಒಟ್ಟಿಗೆ ಮಾರುವ ದಲ್ಲಾಳಿಯೊಬ್ಬ ಅವರಿಗೆ ಆನ್‌ಲೈನಿನಲ್ಲಿ ಸಿಕ್ಕಿದ್ದ. ಇದು ಸರ್ಚ್ ನಡೆಸುವವರ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಇರುವ ಜಾಗವೂ ಹೋಗಬಹುದು ಎಂದೂ ಅವರು ಮುಚ್ಚಿಡದೆ ಹೇಳಿದರು. ನಮಗೆ ಇರುವ ಜಾಗವೇ ಇರಲಿಲ್ಲವಲ್ಲ, ಕಳೆದುಕೊಳ್ಳುವುದೇನು ಎಂದು ನಾನೂ ನನ್ನ ಗಂಡನೂ ಒಪ್ಪಿದೆವು.

ಅದರಿಂದ ಆದ ಒಳ್ಳೆಯದನ್ನು ಇಲ್ಲ ಎನ್ನಲಾರೆ. ದಸರಾ ಹೊತ್ತಿಗೆ ನಮ್ಮ ಸೈಟು ಮೊದಲ ಪುಟಕ್ಕೆ ಬಂತು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಎಷ್ಟೋ ದಿನದಿಂದ ಬೀಗ ಹಾಕಿದ್ದ ಮೇಲಿನ ಕೋಣೆಗಳನ್ನು ತೆರೆದು ಗುಡಿಸಿದೆ. ಸೋರುತ್ತಿದ್ದ ತಾರಸಿ ರಿಪೇರಿ ಮಾಡಿಸಿದೆವು. ಬುಕ್ಕಸಾಗರದಿಂದ ಒಬ್ಬ ಅಕ್ಕ ಅಡುಗೆ ಮನೆಗೆ ನೆರವಾಗಲು ಬರತೊಡಗಿದಳು. ಗದ್ದೆ ಕೆಲಸದಲ್ಲಿ ಸೊಂಟ ಹಿಡಿದುಹೋಗಿದ್ದ ಅವಳಿಗೆ ಕೂತು ಮಾಡುವ ಕೆಲಸ ಸಿಕ್ಕಿತು, ನನಗೆ ಮಾತಿಗೊಬ್ಬ ಜೊತೆ ಸಿಕ್ಕಿತು. ಆ ಕೆಲವು ತಿಂಗಳು ನಮ್ಮ ಮನೆ ಗೆಲುವಾಗಿತ್ತು.

ಹೊಸ ವರ್ಷಕ್ಕೆ ಇನ್ನೇನು ಒಂದೆರಡು ದಿನ ಇರುವಾಗ, ಸಂಜೆಯ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ಮೊದಲೇ ಕೋಣೆ ಬುಕ್ ಮಾಡಿ, ಮೈಸೂರಿನಿಂದ ಒಬ್ಬ ಮಗಳು ತಮ್ಮ ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದಿದ್ದರು. ಮಗಳು ಇಳಿದು ಹಿಂದಿನಿಂದ ಗಾಲಿಕುರ್ಚಿ ತೆಗೆದರು. ಮೆಟ್ಟಿಲುಗಳನ್ನು ನೋಡಿ ಹಾಗೇ ನಿಂತರು.

"ರ‍್ಯಾಂಪ್ ಯಾವ ಕಡೆ ಇದೆ?" ಎಂದು ಕೇಳಿದರು.

ರ‍್ಯಾಂಪ್ ಇಲ್ಲ ಎಂದೆ. ಅವರು ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟರು. ಅದೊಂದು ಇಂಗ್ಲಿಷ್ ಲೇಖನ. ಹಂಪಿಯಲ್ಲಿ ಹಿರಿಯರಿಗೆ, ಅಂಗವಿಕಲರಿಗೆ ತಕ್ಕ ವಸತಿಗಳ ಬಗ್ಗೆ. ಅದರಲ್ಲಿ ನಮ್ಮ ಗೆಸ್ಟ್ ಹೌಸಿನ ಹೆಸರು ಮೊದಲೇ ಇತ್ತು. ಗಾಲಿಕುರ್ಚಿ ಹೋಗುವ ರ‍್ಯಾಂಪ್, ನೆಲಮಟ್ಟದ ಕೋಣೆ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಕಿಟಕಿಯಿಂದ ನದಿಯ ನೋಟ. ಇದರಲ್ಲಿ ಒಂದೂ ನಮ್ಮಲ್ಲಿರಲಿಲ್ಲ. ನದಿ ನೋಡಬೇಕೆಂದರೆ ನಮ್ಮ ಮನೆಯಿಂದ ಎರಡು ತೋಟ ದಾಟಬೇಕು. ಆ ಲೇಖನವನ್ನು ನಾನು ಅದೇ ಮೊದಲು ನೋಡಿದ್ದು.

ಹೊಸಪೇಟೆಗೆ ಫೋನು ಮಾಡಿದೆ. ನನ್ನ ಗಂಡನ ಗೆಳೆಯ, ಲೇಖನಗಳನ್ನು ಆ ದಲ್ಲಾಳಿಯೇ ಯಾರಿಂದಲೋ ಬರೆಸಿ ಹಾಕಿಸುತ್ತಾನೆ, ತಾವು ಲಿಂಕು ಇದೆಯೋ ಇಲ್ಲವೋ ಅಷ್ಟೇ ನೋಡಿದ್ದು, ಒಳಗೇನು ಬರೆದಿದೆ ಎಂದು ಓದಿಲ್ಲ ಎಂದರು. ಮಗಳು ನನ್ನ ಎದುರಿಗೇ ನಿಂತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು.

"ಅಂದ್ರೆ ಇದನ್ನ ನೀವೇ ದುಡ್ಡು ಕೊಟ್ಟು ಹಾಕ್ಸಿದ್ದಾ?"

"ಹೌದ್ರಿ," ಎಂದೆ. "ಒಳಗ ಹಿಂಗ ಬರ್ದಾರ ಅಂತ ಗೊತ್ತಿದ್ದಿಲ್ಲ. ಆದ್ರ ದುಡ್ಡು ಕೊಟ್ಟವ್ರು ನಾವಾ."

ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಕಾರಿನ ಬಾಗಿಲಿಗೆ ಒರಗಿ ಹೊಸಪೇಟೆಯ ಹೋಟೆಲುಗಳಿಗೆ ಒಂದೊಂದಾಗಿ ಫೋನು ಮಾಡತೊಡಗಿದರು. ನಾನೂ ನನಗೆ ಗೊತ್ತಿದ್ದವರಿಗೆಲ್ಲ ಮಾಡಿದೆ. ಆ ವಾರ ಹಂಪಿಯಲ್ಲಾಗಲಿ ಹೊಸಪೇಟೆಯಲ್ಲಾಗಲಿ ಒಂದು ಕೋಣೆ ಖಾಲಿ ಇರುವ ಮಾತೇ ಇಲ್ಲ. ಕಾರಿನೊಳಗೆ ಆ ತಾಯಿ ಕಣ್ಣು ಮುಚ್ಚಿ ಕೂತಿದ್ದರು. ಲಕ್ವ ಹೊಡೆದು ಮೈಯ ಬಲಭಾಗ ಬಿದ್ದುಹೋಗಿತ್ತು. ಮೈಸೂರಿನಿಂದ ಕೂತೇ ಬಂದ ಜೀವ.

ಮಾವ ಪಡಸಾಲೆಯಿಂದ ಎಲ್ಲವನ್ನೂ ನೋಡುತ್ತಿದ್ದರು. ಅವರು ಹೆಚ್ಚು ಮಾತಿನವರಲ್ಲ. ಕೋಲೂರಿಕೊಂಡು ಮೆಲ್ಲಗೆ ಇಳಿದು ಕಾರಿನ ಹತ್ತಿರ ಬಂದರು.

"ನನ್ನ ಕ್ವಾಣಿ ಹಿಂದ ಐತಿ. ತೋಟದ ಕಡಿಯಿಂದ ಬಂದ್ರ ಒಂದೂ ಮೆಟ್ಲಿಲ್ಲ. ಅವ್ವಾರನ್ನ ಅಲ್ಲಿ ಮಲಗಿಸ್ರಿ, ನಾ ಹೊರಗ ಮಕ್ಕೊಂತೀನಿ."

ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಾವನ ಕೋಣೆ ಮೊದಲು ದನದ ಕೊಟ್ಟಿಗೆಯಾಗಿದ್ದ ಜಾಗದಲ್ಲಿ ಆಮೇಲೆ ಸೇರಿಸಿ ಕಟ್ಟಿದ್ದು. ಅದರ ಬಾಗಿಲು ನೇರ ಬಾಳೆ ತೋಟಕ್ಕೆ ತೆರೆಯುತ್ತದೆ. ಮಗಳು ಒಪ್ಪಲೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗಲೇ ಬುಕ್ಕಸಾಗರದ ಅಕ್ಕ ಪೊರಕೆ ಹಿಡಿದು ಒಳಗೆ ಹೋಗಿಯಾಗಿತ್ತು. ಕಂಪ್ಲಿಯ ನಮ್ಮಣ್ಣ ಕಳಿಸಿದ್ದ ಅಕ್ಕಿ ಮೂಟೆಗಳು ಅಲ್ಲೇ ಇದ್ದವು. ನಾನೂ ನನ್ನ ಗಂಡನೂ ಅವನ್ನು ಹೊರಗೆ ಸಾಗಿಸಿದೆವು. ನೆಲ ಒರೆಸಿ, ಹೊಸ ಹಾಸಿಗೆ ಹಾಸಿ, ಮಾವನ ದೇವರ ಪಟ ಮಾತ್ರ ಇದ್ದಲ್ಲೇ ಬಿಟ್ಟೆವು.

ಕತ್ತಲಾಗುವ ಹೊತ್ತಿಗೆ ಹೊಸಪೇಟೆಯಿಂದ ನನ್ನ ಗಂಡನ ಗೆಳೆಯ ಬಂದರು. ಬೈಕಿನ ಹಿಂದೆ ಹಗ್ಗದಿಂದ ಬಿಗಿದ ಒಂದು ಕಮೋಡ್ ಕುರ್ಚಿ. ಆಸ್ಪತ್ರೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯಿಂದ ತಂದದ್ದು. ಅವರಿಗೆ ಯಾರೂ ಬಾ ಎಂದಿರಲಿಲ್ಲ. ಮಗಳ ಮುಂದೆ ನಿಂತು, ತಪ್ಪು ತಮ್ಮದು, ಈ ಮನೆಯವರದಲ್ಲ, ಓದದೆ ಹಾಕಿಸಿದ್ದು ತಾವೇ ಎಂದು ಹೇಳಿದರು. ಆಕೆ ಆ ಕುರ್ಚಿಯನ್ನು ನೋಡಿ, ಅವರ ಮುಖ ನೋಡಿ, "ಕೂತ್ಕೊಳ್ಳಿ, ಕಾಫಿ ಕುಡೀರಿ," ಎಂದರು. ನಮ್ಮ ಮನೆಯಲ್ಲಿ ಅವರೇ ಅತಿಥಿ, ಆದರೂ ಆ ಮಾತು ಅವರ ಬಾಯಿಂದಲೇ ಬಂತು.

ಮಾರನೆಯ ಬೆಳಿಗ್ಗೆ ಒಗ್ಗಾಣಿ ಮಾಡಿದ್ದೆ. ಮಂಡಕ್ಕಿ ನೆನೆಸಿ ಮಾಡುವ ಈ ತಿಂಡಿ ನಮ್ಮ ಕಡೆ ಮನೆಮನೆಯಲ್ಲೂ ಇದೆ, ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಬೇಕು. ಮಗಳು ತಾಯಿಗೆ ಬ್ರೆಡ್ ಕೇಳಿದ್ದರು. ಲಕ್ವ ಹೊಡೆದಾಗಿನಿಂದ ಅಮ್ಮ ಹೆಚ್ಚು ಮಾತಾಡುವುದಿಲ್ಲ, ಊಟವೂ ಅಷ್ಟಕ್ಕಷ್ಟೆ ಎಂದಿದ್ದರು. ನಾನು ಬ್ರೆಡ್ಡಿನ ತಟ್ಟೆ ಒಯ್ದಾಗ ಆ ತಾಯಿ ಬಾಗಿಲಾಚೆ ಮಾವ ತಿನ್ನುತ್ತಿದ್ದ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿಕೊಂಡು ಹೇಳಿದರು:

"ಅದು ಒಗ್ಗಾಣಿ ಅಲ್ಲೇನವ್ವ? ನನಗೂ ಒಂದಿಷ್ಟು ಹಾಕು. ಮಿರ್ಚಿ ಬ್ಯಾಡ, ಖಾರ ಆಗ್ತೈತಿ."

ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ತಮ್ಮ ತಾಯಿ ಈ ಕಡೆಯ ಮಾತಾಡಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲವಂತೆ. ಆ ತಾಯಿಯ ತಂದೆ ಹೊಸಪೇಟೆಯ ಡ್ಯಾಮಿನಲ್ಲಿ ಕೆಲಸದಲ್ಲಿದ್ದವರು. ಆಕೆ ಬೆಳೆದದ್ದು ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ಓದಿದ್ದು ಹೊಸಪೇಟೆಯಲ್ಲಿ. ಮದುವೆಯಾಗಿ ಮೈಸೂರು ಸೇರಿದ ಮೇಲೆ ಅತ್ತೆಮನೆಯ ಮಾತೇ ಅವರ ಮಾತಾಯಿತು. ಲಕ್ವ ಹೊಡೆದ ಮೇಲೆ ಅವರು ತೋರಿಸಿದ ಒಂದೇ ಆಸೆ ಈ ಕಡೆ ಬರಬೇಕೆಂಬುದು. ಅದಕ್ಕೇ ಮಗಳು ಗಾಲಿಕುರ್ಚಿ ಹೋಗುವ ಜಾಗಕ್ಕಾಗಿ ಅಷ್ಟು ಹುಡುಕಿದ್ದರು.

ಆ ದಿನದಿಂದ ನಮ್ಮ ಹಿತ್ತಲಲ್ಲಿ ಇಬ್ಬರು ಹಿರಿಯರ ಮಾತುಕತೆ ಶುರುವಾಯಿತು. ಮಾವ ಎಳೆಯ ವಯಸ್ಸಿನಲ್ಲಿ ಕಾಲುವೆ ಕೆಲಸಕ್ಕೆ ಮಣ್ಣು ಹೊತ್ತವರು. ಆಕೆ ಆಫೀಸರರ ಮನೆಯ ಹುಡುಗಿ. ಆಗ ಎದುರುಬದುರು ಬಂದಿದ್ದರೂ ಮಾತಾಡುತ್ತಿರಲಿಲ್ಲವೇನೋ. ಈಗ ಬಾಳೆಯ ನೆರಳಿನಲ್ಲಿ ಕೂತು, ಡ್ಯಾಮಿನ ಕ್ರಸ್ಟ್ ಗೇಟು ತೆರೆದಾಗ ನೀರು ಧುಮುಕುವ ಸದ್ದಿಗೆ ಮನೆಯೊಳಗೆ ಪಾತ್ರೆ ಅದುರುತ್ತಿದ್ದುದು, ವಾರದ ಸಂತೆ, ಬೇಸಿಗೆಯ ಸೆಕೆ ಎಂದು ಏನೇನೋ ನೆನೆಯುತ್ತಿದ್ದರು. ಆಕೆಗೆ ಶಬ್ದ ಸಿಗದಿದ್ದಾಗ ಮಾವ ಅವಸರ ಮಾಡದೆ ಕಾಯುತ್ತಿದ್ದರು. ಎರಡು ದಿನಕ್ಕೆಂದು ಬಂದವರು ಒಂದು ವಾರ ಉಳಿದರು. ಹೊರಡುವಾಗ ಮಗಳು ನನ್ನ ಎರಡೂ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ನನ್ನ ಗಂಡನ ಗೆಳೆಯ ಕೊಂಡ ಲೇಖನಗಳನ್ನೆಲ್ಲ ಹುಡುಕಿ ತಂದರು. ಒಂದರಲ್ಲಿ ನಮಗೆ ಈಜುಕೊಳವಿತ್ತು. ಇನ್ನೊಂದು ಮನೆ ಮಾರುವವರ ವೆಬ್‌ಸೈಟಿನಲ್ಲಿತ್ತು. ಮತ್ತೊಂದು ಯಾವ ದೇಶದ್ದೋ ಜೂಜಿನ ಸೈಟಿನಲ್ಲಿ. ತೆಗೆದುಹಾಕು ಎಂದರೆ ದಲ್ಲಾಳಿ ಅದಕ್ಕೂ ಬೇರೆ ದುಡ್ಡು ಕೇಳಿದ. ಅಷ್ಟರಲ್ಲಿ ಬೇಸಿಗೆ ಬಂತು, ಮತ್ತು ಒಂದು ದಿನ ಇದ್ದಕ್ಕಿದ್ದಂತೆ ನಮ್ಮ ಸೈಟು ಸರ್ಚ್‌ನಿಂದಲೇ ಮಾಯವಾಯಿತು. ಗೆಸ್ಟ್ ಹೌಸಿನ ಹೆಸರನ್ನೇ ಟೈಪ್ ಮಾಡಿದರೂ ಬರಲಿಲ್ಲ. ಕೊಂಡ ಲಿಂಕುಗಳು ಪತ್ತೆಯಾಗಿದ್ದವು. ಫೋನು ನಿಂತಿತು. ಬುಕ್ಕಸಾಗರದ ಅಕ್ಕನಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದಾಗ ಅವಳೇ, ಜನ ಬರುವ ತನಕ ವಾರಕ್ಕೆರಡು ದಿನ ಬರುತ್ತೇನೆ, ಬೇರೆಯವಳನ್ನು ಇಟ್ಟುಕೊಳ್ಳಬೇಡ ಎಂದಳು.

ನನ್ನ ಗಂಡನ ಗೆಳೆಯ ಆ ಬೇಸಿಗೆಯೆಲ್ಲ ನಮ್ಮ ಸೈಟಿನ ಕೆಲಸಕ್ಕೇ ಕೂತರು. ಕೆಲವು ಸೈಟಿನವರಿಗೆ ಬರೆದು ಲೇಖನ ತೆಗೆಸಿದರು. ಉಳಿದ ಲಿಂಕುಗಳು ನಮಗೆ ಬೇಡ, ಲೆಕ್ಕಕ್ಕೆ ಹಿಡಿಯಬೇಡಿ ಎಂದು ಸರ್ಚ್ ನಡೆಸುವವರಿಗೆ ತಿಳಿಸಿ, ಮತ್ತೊಮ್ಮೆ ಪರಿಶೀಲಿಸಿ ಎಂದು ಕೇಳಿಕೊಂಡರು. ಸೈಟಿನಲ್ಲಿ ನಮ್ಮಲ್ಲಿ ಏನಿದೆ, ಏನಿಲ್ಲ ಎಂಬುದನ್ನು ನಾನೇ ಕೂತು ಬರೆದೆ.

ಮಳೆಗಾಲ ಶುರುವಾದಾಗ ಮೈಸೂರಿನ ಮಗಳಿಂದ ಫೋನು ಬಂತು. ತಾಯಿಯ ಜೊತೆ ಹೋದ ಊರುಗಳ ಬಗ್ಗೆ ಅವರು ಇಂಟರ್ನೆಟ್ಟಿನಲ್ಲಿ ಬರೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಬಗ್ಗೆ ಬರೆದಿದ್ದೇನೆ, ಹಾಕಬಹುದೇ, ಓದಿ ಹೇಳಿ ಎಂದರು. ಸುಳ್ಳು ಲೇಖನದ ವಿಷಯ ಬಿಟ್ಟಿರಲಿಲ್ಲ. ಮಾವನ ಕೋಣೆಯ ವಿಷಯವೂ ಇತ್ತು, ಬೈಕಿನ ಮೇಲೆ ಬಂದ ಕುರ್ಚಿಯೂ ಇತ್ತು. ಮೆಟ್ಟಿಲುಗಳ ಫೋಟೊ ಹಾಕಿ, ಇವರಲ್ಲಿ ಇನ್ನೂ ರ‍್ಯಾಂಪ್ ಇಲ್ಲ, ಹೋಗುವವರು ಮೊದಲೇ ಫೋನು ಮಾಡಿ ಎಂದಿದ್ದರು. ನಾನು ಅಡುಗೆ ಮನೆಯಲ್ಲಿ ನಿಂತೇ ಓದಿದೆ, ಆಮೇಲೆ ಮಾವನಿಗೆ ಓದಿ ಹೇಳಿದೆ. ಹಾಕ್ರಿ ಎಂದು ಫೋನು ಮಾಡಿದೆ.

ಅದನ್ನು ಓದಿ ಮೊದಲು ಬಂದವರು ಹುಬ್ಬಳ್ಳಿಯ ಒಬ್ಬ ತಂದೆ, ನಡೆಯಲಾರದ ಮಗಳನ್ನು ಕರೆದುಕೊಂಡು. ಆಮೇಲೆ ಮತ್ತೊಂದು ಮನೆಯವರು. ಮಾವನ ಕೋಣೆಯ ಬಚ್ಚಲಿಗೆ ಕಂಬಿ ಹಾಕಿಸಿದೆವು, ತೋಟದ ದಾರಿಗೆ ಕಾಂಕ್ರೀಟು ಹಾಕಿಸಿದೆವು. ಸಂಡೂರಿನ ಬೆಟ್ಟಗಳನ್ನು ಸುತ್ತಿ ಬರೆಯುವ ಒಬ್ಬರು ಒಮ್ಮೆ ನಮ್ಮಲ್ಲಿ ಉಳಿದು ಹೋದವರು, ನಾವು ಕೇಳದೆಯೇ ತಮ್ಮ ಪುಟದಲ್ಲಿ ನಮ್ಮ ಲಿಂಕು ಕೊಟ್ಟರು. ಸೈಟು ಸರ್ಚ್‌ಗೆ ಹಿಂತಿರುಗಿತು. ಮೊದಲ ಪುಟಕ್ಕೆ ಬಂದಿಲ್ಲ, ಆದರೆ ಹುಡುಕಿದವರಿಗೆ ಸಿಗುತ್ತದೆ.

ಮೊನ್ನೆ ಕಂಪ್ಲಿಗೆ ಹೋದಾಗ ಅಣ್ಣ ತನ್ನ ಅಕ್ಕಿಗೆ ವೆಬ್‌ಸೈಟ್ ಮಾಡಿಸಿದ್ದನ್ನು ತೋರಿಸಿ, ಲಿಂಕು ಕೊಳ್ಳಲೇ ಎಂದು ಕೇಳಿದ. ನಮಗಾದದ್ದನ್ನೆಲ್ಲ, ಒಳ್ಳೆಯದನ್ನೂ ಸೇರಿಸಿಯೇ ಹೇಳಿದೆ. ಅವನು ಕೇಳಿಸಿಕೊಂಡು, ಆದರೂ ಒಂದೆರಡು ಕೊಂಡು ನೋಡುತ್ತೇನೆ ಎಂದ. ಬರೆದದ್ದನ್ನು ಮೊದಲು ಓದು ಎಂದಷ್ಟೇ ಹೇಳಿ ಬಂದೆ.

ನನಗೆ ಆಗಾಗ ಅನ್ನಿಸುವುದಿದೆ: ಆ ಸುಳ್ಳು ಇಲ್ಲದಿದ್ದರೆ ಆ ತಾಯಿ ನಮ್ಮ ಮನೆಗೆ ಬರುತ್ತಿರಲಿಲ್ಲ. ಹಾಗೆಂದು ಸುಳ್ಳಿಗೆ ಕೈ ಮುಗಿಯಲಾರೆ. ನಾಲ್ಕು ಜನರ ಮುಂದೆ ನಮ್ಮ ಮಾನ ಕಳೆಯಬಹುದಾಗಿದ್ದ ಆ ಮಗಳಿಗೆ, ಹಾಸಿಗೆ ಬಿಟ್ಟುಕೊಟ್ಟ ಮಾವನಿಗೆ, ಕರೆಯದೆ ಬಂದ ಗೆಳೆಯನಿಗೆ, ನಮ್ಮನ್ನು ಬಿಟ್ಟುಹೋಗದ ಅಕ್ಕನಿಗೆ ಮುಗಿಯುತ್ತೇನೆ.

ಕಳೆದ ಚಳಿಗಾಲದಲ್ಲಿ ತಾಯಿ ಮಗಳು ಮತ್ತೆ ಬಂದರು. ಈ ಸಲ ಡ್ಯಾಮಿಗೆ ಹೊರಟಾಗ ಆ ತಾಯಿ ಮಾವನನ್ನೂ ಕರೆದರು. ಕಾರು ಕ್ವಾರ್ಟರ್ಸಿನ ಬೀದಿಯಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಆಕೆ ಒಂದು ಬೇವಿನ ಮರದ ಹತ್ತಿರ ನಿಲ್ಲಿಸಿ ಎಂದರು. ಮರದ ಹಿಂದಿನ ಮನೆಯ ರೂಪ ಬದಲಾಗಿತ್ತು. ಕಾಂಪೌಂಡಿನೊಳಗೆ ಬಟ್ಟೆ ಒಣಹಾಕುತ್ತಿದ್ದ ಒಬ್ಬ ಹೆಂಗಸು ಯಾರು ಬೇಕಿತ್ತು ಎಂದು ಕೇಳಿದಳು. ಮಾವ ಕಾರಿನ ಕಿಟಕಿಯಿಂದಲೇ, "ಈ ಅವ್ವಾರು ಇದಾ ಮನ್ಯಾಗ ಬೆಳೆದಾರ," ಎಂದರು. ಆ ಹೆಂಗಸು ಬಟ್ಟೆಯ ಬುಟ್ಟಿ ಕೆಳಗಿಟ್ಟು ಬಂದು, ಗೇಟು ಪೂರ್ತಿ ತೆರೆದು, ಒಳಗೆ ಬರ್ರಿ ಎಂದಳು.