ಯುನಾನಿನ ಮಾತು, ಅಜ್ಜಿಯ ಒಪ್ಪಿಗೆ

ನಿಜಾಮರ ಕಾಲ. ನಾನು ಯಲಬುರ್ಗಿಯಲ್ಲಿ ನಾಲ್ಕನೇ ಜಮಾತು ಮುಗಿಸಿದ ಕೂಡಲೇ ಅಜ್ಜಿ ನನ್ನನ್ನು ಶಾಲೆ ಬಿಡಿಸಿದಳು. ಯಾಕೆಂದು ಕೇಳಲು ಮನೆಗೇ ಬಂದ ಉರ್ದು ಮಾಸ್ತರರಿಗೆ ಹೇಳಿದಳು: "ಹೆಣ್ಣುಮಕ್ಕಳು ಸಾಲಿಗೆ ಹೋಗೂದು ಕಲಿಯುಗದ ಲಕ್ಷಣ ನೋಡ್ರಿ. ಹಿಂದಿನ ಕಾಲ ಛಲೋ ಇತ್ತು, ಬರಬರ್ತಾ ಎಲ್ಲಾ ಕೆಡಾಕತ್ತೈತಿ."

ಮಾಸ್ತರರು ಸಿಟ್ಟಾಗಲಿಲ್ಲ. "ಅವ್ವಾರ, ಹಿಂದಕ ಯುನಾನ್ ದೇಶದವರೂ, ಅಂದ್ರ ಗ್ರೀಕರೂ, ಹಿಂಗ ಅಂತಿದ್ರು. ಮೊದಲು ಬಂಗಾರದ ಕಾಲ, ಆಮ್ಯಾಲೆ ಬೆಳ್ಳಿ, ಕಂಚು, ಕಡೀಗೆ ಕಬ್ಬಿಣ. ಆದ್ರ ಅವರೊಳಗ ಒಬ್ಬಾಂವ ಬ್ಯಾರೆ ಹೇಳಿದ. ದೇವರು ಮನಷ್ಯಾಗ ಎಲ್ಲಾನೂ ಮೊದಲ ತೋರಿಸಿಲ್ಲ, ಹುಡುಕಿದಂಗೆಲ್ಲ ಛಲೋದು ಸಿಗತೈತಿ ಅಂದ."

ಸಿಡುಬಿಗೆ ಮೂರು ಮಕ್ಕಳನ್ನು ಕಳೆದುಕೊಂಡಿದ್ದ ಅಜ್ಜಿ ನನ್ನನ್ನು ಹತ್ತಿರ ಕರೆದಳು. ಆಮೇಲೆ ನನ್ನ ತೋಳು ಹಿಡಿದು, ಅದರ ಮೇಲಿದ್ದ ಲಸಿಕೆಯ ಕಲೆಯನ್ನು ಸವರಿ, "ಖರೇ ಐತ್ರಿ. ಇದು ನನ್ನ ಮಕ್ಕಳ ಕಾಲಕ್ಕ ನಮ್ಮೂರಿಗೆ ಬಂದಿರಲಿಲ್ಲ" ಎಂದಳು.

ಮರುದಿನ ಆಕೆಯೇ ನನ್ನನ್ನು ಶಾಲೆಗೆ ಕರೆದೊಯ್ದಳು. ಮುಂದೆ ನಾನು ಗಂಗಾವತಿಯಲ್ಲಿ ಇತಿಹಾಸ ಕಲಿಸುವ ಟೀಚರಾದೆ. ಬಾಗಿಲ ತನಕ ಬಂದ ಆ ಮಾಸ್ತರರಿಗೂ, ಅಷ್ಟು ವಯಸ್ಸಿನಲ್ಲಿ ತನ್ನ ಮಾತನ್ನು ತಾನೇ ಬಿಟ್ಟುಕೊಟ್ಟ ಅಜ್ಜಿಗೂ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.