ಶೇಷಕ್ಕನ ಸರದಿ

ಇವತ್ತು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಫೋನ್ ನೋಡುತ್ತ ಕೂತೆ. ಮುಂದಿನದು ನಿಮಗೇ ಗೊತ್ತು. ಸೀದ ಹಾಲಿನ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಒಲೆ ನೆನಪಾಗುತ್ತದೆ, ನನಗೆ ಶೇಷಕ್ಕ ನೆನಪಾಗುತ್ತಾರೆ.

ಮದುವೆಯಾಗಿ ಮಂಚೇನಹಳ್ಳಿಗೆ ಬಂದ ಹೊಸತು. ನಮ್ಮ ಮನೆಗೆ ಅಂಟಿಕೊಂಡೇ ರಾಮಮಂದಿರ. ಶನಿವಾರ ಸಂಜೆ ಅಲ್ಲಿ ಹೆಂಗಸರ ಭಜನೆ. ಮಂದಿರ ರಾಮನದಾದರೂ ಆಡಳಿತವೆಲ್ಲ ಶೇಷಕ್ಕನದು. ಸಾಲಾಗಿ ಕೂರಬೇಕು, ಬಾಗಿಲ ಕಡೆಯಿಂದ ಒಬ್ಬೊಬ್ಬರೇ ಹಾಡಬೇಕು. ಯಾರ ಸರದಿಯನ್ನೂ ಹಾರಿಸುವಂತಿಲ್ಲ, ಒಬ್ಬರು ಹಾಡುವಾಗ ಇನ್ನೊಬ್ಬರು ಏಳುವಂತಿಲ್ಲ. ನನ್ನ ಕಂಠವೋ, ಕೇಳಿದರೆ ಎಮ್ಮೆಯೂ ಹಗ್ಗ ಕಿತ್ತುಕೊಂಡು ಓಡಬೇಕು. "ಗಂಟಲು ಕಟ್ಟಿದೆ ಶೇಷಕ್ಕ" ಎಂದರೆ, "ದೇವರೇನು ಸಂಗೀತದ ಮೇಷ್ಟ್ರಾ? ಹಾಡಮ್ಮ" ಎನ್ನುತ್ತಿದ್ದರು. ಹಾಡುತ್ತಿದ್ದೆ. ಎಲ್ಲರೂ ಕೈಮುಗಿದು ಕೇಳುತ್ತಿದ್ದರು, ಪಾಪ. ಭಕ್ತಿಯೆಂದರೆ ಅದೇ ಇರಬೇಕು.

ಒಂದು ಶನಿವಾರ ಒಲೆಯ ಮೇಲೆ ಹಾಲು ಮರೆತು ಬಂದಿದ್ದೆ. ಕಿಟಕಿಯಿಂದ ವಾಸನೆ ಬಂತು. ಅರ್ಧ ಎದ್ದೆ. ಎದುರುಮನೆಯವರು ಇನ್ನೂ ಹಾಡುತ್ತಿದ್ದರು. ಅವರ ಹಾಡು ಪಲ್ಲವಿ ಬಿಟ್ಟು ಅಲುಗಿದ್ದೇ ಇಲ್ಲ. ಶೇಷಕ್ಕ ನನ್ನ ಸೆರಗು ಹಿಡಿದು ಎಳೆದು, "ಉಂಡವೇ, ಇರೇ! ಹಾಲು ಉಕ್ಕಿದ್ರೆ ಶುಭ ಕಣೇ, ಕೂತ್ಕೊ" ಎಂದು ತೆಲುಗು ಬೆರೆಸಿ ಪಿಸುಗುಟ್ಟಿದರು. ಆ ಶುಭವನ್ನು ಪಾತ್ರೆಯಿಂದ ಕೆರೆಯುವಷ್ಟರಲ್ಲಿ ನನ್ನ ಉಗುರೆಲ್ಲ ಸವೆದವು. ಅತ್ತೆಯವರ ಬೈಗುಳ ಬೇರೆ.

ಈಗ ಮಂದಿರಕ್ಕೆ ಮೈಕು ಬಂದಿದೆ, ವಾಟ್ಸಾಪ್ ಗುಂಪು ಬಂದಿದೆ. ಶೇಷಕ್ಕನಿಗೆ ಮರೆವು ಬಂದಿದೆ. ಹೆತ್ತ ಮಗಳು ಪದ್ಮಳನ್ನೇ ಗುರುತಿಸುವುದಿಲ್ಲ. "ಒಂದೇ ಒಂದ್ಸಲ ನನ್ನ ಹೆಸರು ಹಿಡಿದು ಕರೆದ್ರೆ ಸಾಕು ಕಣಕ್ಕ" ಎಂದು ಪದ್ಮ ನನ್ನ ಹತ್ತಿರ ಅತ್ತದ್ದುಂಟು.

ಹೋದ ಶನಿವಾರ ಅವಳೇ ತಾಯಿಯನ್ನು ಕೈಹಿಡಿದು ಭಜನೆಗೆ ಕರೆತಂದಳು. ಸರದಿ ಶೇಷಕ್ಕನವರೆಗೆ ಬಂದಾಗ, ಈಗ ಭಜನೆ ನಡೆಸುವ ಸುಮಿತ್ರ ಮೈಕನ್ನು ಅವರಾಚೆಗೆ ದಾಟಿಸಹೋದಳು. "ಪಾಪ, ಬಿಟ್ಬಿಡಣ. ಎಲ್ಲಾ ಮರ್ತೋಗಿರುತ್ತೆ. ಟೈಮೂ ಆಗೋಯ್ತು." ಪದ್ಮ ತಲೆ ತಗ್ಗಿಸಿದಳು. ನನಗೆ ರೇಗಿತು. "ಸರದಿ ಬಿಡಂಗಿಲ್ಲ ಕಣಮ್ಮ" ಎಂದು ಮೈಕು ಕಿತ್ತುಕೊಂಡು ಶೇಷಕ್ಕನ ಮುಂದೆ ಹಿಡಿದೆ.

ಶೇಷಕ್ಕ ಕಣ್ಣು ಮುಚ್ಚಿದರು. ಯಾಕಾದರೂ ಮೈಕು ಹಿಡಿದೆನೋ ಎಂದುಕೊಂಡೆ. ಆಮೇಲೆ ಹಾಡು ಬಂತು. ದೇವರ ಹಾಡಲ್ಲ, ಜೋಗುಳ. ಅವರ ತವರಿನ ತೆಲುಗಿನಲ್ಲಿ, ಸಾಲುಸಾಲಿಗೂ "ಪದ್ದಮ್ಮಾ, ನಾ ಪದ್ದಮ್ಮಾ", ನನ್ನ ಪದ್ದಮ್ಮಾ, ಎಂದು ಮಗಳ ಹೆಸರು ಕರೆಯುತ್ತ. ಟೈಮು ನೋಡುತ್ತಿದ್ದ ಸುಮಿತ್ರಳೂ ಕದಲಲಿಲ್ಲ. ಪದ್ಮ ಬಾಯಿಗೆ ಸೆರಗೊತ್ತಿಕೊಂಡು ಬಿಕ್ಕುತ್ತಿದ್ದಳು.

ಹಾಡು ಮುಗಿಯಿತು. ಶೇಷಕ್ಕ ಕಣ್ಣು ತೆರೆದು, ಪಕ್ಕದಲ್ಲಿ ಅಳುತ್ತಿದ್ದ ಮಗಳನ್ನು ನೋಡಿದರು.

"ಯಾರ ಮನೆ ಹುಡುಗಿಯಮ್ಮ ನೀನು? ದೇವರ ಮುಂದೆ ಹಿಂಗೆಲ್ಲಾ ಅಳಬಾರ್ದು. ನೆಟ್ಟಗೆ ಕೂತ್ಕೊ."

ಪದ್ಮ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು.